ಇಂಚು, ಸೆಂಟು, ಮಿಲಿಸೆಕೆಂಡು

ಶುಕ್ರವಾರದೊಳಗೆ ಹೇಳಿ ಅಂದಿದ್ದಾರೆ ಕಮಿಟಿಯವರು.
ಮೇಜಿನ ಮೇಲೆ ಎರಡು ಕೊಟೇಶನ್ನು,
ಹಾರದಿರಲೆಂದು ಮೇಲೊಂದು ಬಿಳಿ ಚೆಂಡು.
ಪೊನ್ನಂಪೇಟೆಯ ಮೈದಾನದಲ್ಲಿ ಹುಡುಗಿಯರು
ಮಂಜಿನೊಳಗೆ ಓಡುತ್ತಿದ್ದಾರೆ,
ಕಾಲು ಕಾಣದು, ಹಾಕಿ ಕೋಲಿನ ಸದ್ದಷ್ಟೇ.

ಒಂದರಲ್ಲಿ ವಿರಾಜಪೇಟೆ ಆಸ್ಪತ್ರೆಯ ಯಂತ್ರ,
ತಲೆಗೆ ಇಷ್ಟೆಂದು, ತಿಂಗಳಿಗೊಮ್ಮೆ.
ಇನ್ನೊಂದರಲ್ಲಿ ಹದಿನಾರು ಕೈಗಡಿಯಾರ,
ಮಲಗಿದಾಗಲೂ ಎಣಿಸುತ್ತವಂತೆ.

ಬಡಿತವನ್ನಲ್ಲ ನಾವು ಕೇಳುವುದು,
ಬಡಿತ ಬಡಿತದ ನಡುವಿನ ಸಂದನ್ನು.
ದಣಿದ ಎದೆ ಕವಾಯತು ಮಾಡುತ್ತದೆ, ಎಡ ಬಲ ಎಡ ಬಲ.
ಉಂಡು ಮಲಗಿ ಎದ್ದ ಎದೆ
ಸಂತೆಗೆ ಹೊರಟವಳ ಹಾಗೆ,
ಒಮ್ಮೆ ಬಿರಬಿರ, ಒಮ್ಮೆ ನಿಂತು ಮಾತು.
ಇದನ್ನು ಹೇಳಿದ ದಿನ ತಸ್ಲೀಮಾ ನಕ್ಕಳು:
‘ಹಾಗಾದರೆ ಸರ್, ಶಿಸ್ತಿಲ್ಲದಿರುವುದೇ ಆರೋಗ್ಯವಾ?’

ಯಂತ್ರ ಸುಳ್ಳು ಹೇಳುವುದಿಲ್ಲ.
ಕಾಗದದ ಮೇಲೆ ಶಿಖರದಿಂದ ಶಿಖರಕ್ಕೆ
ಕಡ್ಡಿ ಇಟ್ಟು ಅಳೆಯಬಹುದು.
ಆದರೆ ಚೋಂದಮ್ಮ, ನಮ್ಮ ಗೋಲ್‌ಕೀಪರು,
ಪೆನಾಲ್ಟಿಗೂ ಕಣ್ಣು ಮಿಟುಕಿಸದವಳು,
ಗೋಣಿಕೊಪ್ಪದಲ್ಲಿ ಬಸ್ಸು ಬದಲಿಸಿ, ತಿರುವಿನಲ್ಲಿ ವಾಂತಿ ಮಾಡಿ,
ಆ ತಣ್ಣನೆಯ ಜೆಲ್ಲಿಗೆ, ಸ್ಪಿರಿಟ್ಟಿನ ವಾಸನೆಗೆ,
‘ಅಲುಗಾಡಬೇಡ’ ಅನ್ನುವ ನರ್ಸಿಗೆ
ಐದು ನಿಮಿಷ ಕವಾಯತು ಒಪ್ಪಿಸಿ ಬಂದಳು.
ನಿಜವೇ ಅದು. ಯಾವುದರ ನಿಜ?

ಗಡಿಯಾರಕ್ಕೆ ಶಿಖರ ಕಾಣದು.
ಹಸಿರು ದೀಪ ಹಿಡಿದು ಮಣಿಕಟ್ಟಿನಲ್ಲಿ ಕಾಯುತ್ತದೆ,
ಇರ್ಪುವಿನ ಮೇಲೆ ಸುರಿದ ಮಳೆಯನ್ನು
ಕಾನೂರಿನ ಸೇತುವೆ ಮೇಲೆ ನಿಂತು
ಹೊಳೆ ಏರಿದ್ದು ನೋಡಿ ಹೇಳಿದ ಹಾಗೆ.
ಡಿಸೆಂಬರಿನ ಚಳಿಗೆ ಬೆರಳು ಬೆಳ್ಳಗಾದರೆ
ಹೊಳೆಯೂ ಇಲ್ಲ.

ಅವ್ವನ ಮಳೆಮಾಪಕ ನೆನಪಾಗುತ್ತದೆ.
ಬಾಳೆಲೆಯಲ್ಲಿ, ಕಾಫಿ ಕಣದ ಮೂಲೆಗೆ,
ಯಾವುದೋ ಕರು ಒದ್ದು ನೆಗ್ಗಿಸಿದ ಬಾಯಿ,
ಪಕ್ಕದ ತೋಟದ ಹೊಸದಕ್ಕಿಂತ ಯಾವಾಗಲೂ
ಐದಾರು ಸೆಂಟು ಕಡಿಮೆ.
‘ಬದಲಿಸಬಾರದಾ?’ ಅಂದರೆ,
‘ಮೂವತ್ತು ವರ್ಷ ಒಂದೇ ತಪ್ಪು ಮಾಡಿದೆ,
ಅದರ ಗುಣ ನನಗೆ ಗೊತ್ತು’ ಅಂದಳು.

ಹಾಗಾದರೆ ಗಡಿಯಾರವೇ ಸರಿ ಅಂದುಕೊಂಡು
ಸ್ಯಾಂಪಲ್ಲಿಗೆ ಬಂದ ಒಂದನ್ನು ಚೋಂದಮ್ಮನಿಗೆ ಕಟ್ಟಿದೆ.
ಇಪ್ಪತ್ತು ದಿನ ನೆಗ್ಗು ಒಂದೇ ಕಡೆ ಇತ್ತು.
ಇಪ್ಪತ್ತೊಂದನೆಯ ರಾತ್ರಿ, ಯಾರನ್ನೂ ಕೇಳದೆ,
ಅದು ತನ್ನನ್ನು ತಾನೇ ಅಪ್‌ಡೇಟ್ ಮಾಡಿಕೊಂಡಿತು.
ಬೆಳಗಾದರೆ ಹುಡುಗಿಯ ಹೃದಯ
ಒಂಬತ್ತು ಅಂಕ ಹೆಚ್ಚು ಗಟ್ಟಿ.
ಅವಳಿಗೋ, ಜ್ವರ.

ಅವ್ವನ ಪುಸ್ತಕದಲ್ಲಿ ಒಂದು ಜುಲೈ, ನಾಲ್ಕು ದಿನ
ಇಂಚೂ ಇಲ್ಲ, ಸೆಂಟೂ ಇಲ್ಲ.
ಟೈಫಾಯ್ಡಿನಲ್ಲಿ ಮಲಗಿದ್ದಳು.
ಎದ್ದ ಮೇಲೆ ಹಿಂದುಮುಂದಿನ ದಿನ ನೋಡಿ
ಅಂದಾಜಿಗೆ ತುಂಬಬಹುದಿತ್ತು, ಯಾರು ಕೇಳುತ್ತಿದ್ದರು?
ನೀಲಿ ಶಾಯಿಯಲ್ಲಿ ನಾಲ್ಕು ಸಲ ಬರೆದಿದ್ದಾಳೆ:
ನೋಡಲಿಲ್ಲ.

ಮೈಸೂರಿನ ಸೇಲ್ಸಿನವನಿಗೆ ಫೋನು ಮಾಡಿದೆ.
ಬಡಿತ ಕಾಣದೆ ಹೋದಾಗ ನಿಮ್ಮದು ಏನು ಬರೆಯುತ್ತದೆ?
‘ಅದೇ ತುಂಬಿಕೊಳ್ಳುತ್ತೆ ಸರ್, ನಿಮಗೆ ಗೊತ್ತೂ ಆಗಲ್ಲ,’
ಹೆಮ್ಮೆಯಿಂದಲೇ ಅಂದ.

ಕೊಟೇಶನ್ನು ಮಗುಚಿ ಹಿಂಬದಿಗೆ ಬರೆದೆ:
ಎದೆಗೆ ಕಟ್ಟುವ ಪಟ್ಟಿ, ನಾಲ್ಕು ಸಾಕು, ಸರದಿಯಲ್ಲಿ;
ಅದಕ್ಕೆ ಶಿಖರ ಕಾಣುತ್ತದೆ.
ಬೆಳಗ್ಗೆ ಹಾಸಿಗೆಯಲ್ಲೇ ಐದು ನಿಮಿಷ, ಕಾಫಿಗೆ ಮೊದಲು.
ಅನುಮಾನವಿದ್ದವರಿಗೆ ವಿರಾಜಪೇಟೆ. ಬಸ್ಸಲ್ಲ, ಜೀಪು.
ಉದ್ದ ನೋಟ್‌ಬುಕ್ಕು, ಒಂದು.

ಕಮಿಟಿ ಒಪ್ಪುತ್ತದೋ ಇಲ್ಲವೋ.
ನನ್ನ ಹಳೆಯ ಪಟ್ಟಿಯೊಂದಿತ್ತು, ಚೋಂದಮ್ಮನಿಗೆ ಕೊಟ್ಟೆ.
ನಿದ್ದೆಗಣ್ಣಿನಲ್ಲಿ ಕಟ್ಟಿಕೊಂಡಳು, ಜಾರಿತು.
‘ನಿನ್ನೆಯದನ್ನೇ ಹಾಕಿ ಸರ್, ಹೆಚ್ಚುಕಮ್ಮಿ ಅಷ್ಟೇ ಇರುತ್ತೆ’ ಅಂದಳು.
ಗೆರೆ ಎಳೆದು, ತಾರೀಖು ಹಾಕಿ,
ಹೊಸ ಪುಸ್ತಕದ ಮೊದಲ ಸಾಲಿನಲ್ಲೇ
ಅವ್ವನ ಮಾತು ಬರೆದೆ.